ಪಡುವಣ ಬಿಸಿಲಿಗೆ ಹೊಂಗೆಯೋ, ಬಿದಿರೋ?

ಮೈಸೂರಿನ ಬೋಗಾದಿ ಕಡೆಯ ಬಡಾವಣೆಯೊಂದರಲ್ಲಿ ನಮ್ಮದು 40×60 ಅಡಿಯ ಮೂಲೆ ನಿವೇಶನ. ತೆಂಕಣಕ್ಕೂ ಪಡುವಣಕ್ಕೂ ರಸ್ತೆ ಇರುವುದರಿಂದ ಗಾಳಿಗೆ ಕೊರತೆಯಿಲ್ಲ, ಬಿಸಿಲಿಗಂತೂ ತಡೆಯೇ ಇಲ್ಲ. ಅಡುಗೆಮನೆಯೂ ಊಟದ ಕೋಣೆಯೂ ಪಡುವಣಕ್ಕೇ ಇವೆ. ಮಾರ್ಚಿಯಿಂದ ಮೇ ಕೊನೆಯವರೆಗೆ ಸಂಜೆ ಆರಕ್ಕೆ ಒಳಗಿನ ಗೋಡೆಯನ್ನು ಮುಟ್ಟಿದರೆ ಆಗತಾನೇ ಒಲೆಯಿಂದ ಇಳಿಸಿದ ಹಂಚನ್ನು ಮುಟ್ಟಿದಂತಾಗುತ್ತಿತ್ತು. ಮನೆ ಕಟ್ಟುವಾಗ ಆ ಕಡೆ 12 ಅಡಿ ಜಾಗ ಬಿಟ್ಟಿದ್ದೆವು. ಅಲ್ಲಿ ಏನು ನೆಡಬೇಕೆಂಬ ವಿಷಯದಲ್ಲಿ ಮನೆಯೊಳಗೆ ಒಮ್ಮತ ಮೂಡದಿದ್ದುದರಿಂದ 2012ರ ಜೂನ್‌ನಲ್ಲಿ, ಒಂದೇ ವಾರದ ಅಂತರದಲ್ಲಿ, ನೈರುತ್ಯದ ಮೂಲೆಗೆ ನಮ್ಮ ಅತ್ತೆಯವರು ಬಯಸಿದ ಹೊಂಗೆಯ ಸಸಿಯನ್ನೂ ವಾಯವ್ಯದ ಕಡೆಗೆ ನಾನು ಬಯಸಿದ ಹಳದಿ ಬಿದಿರಿನ ಗಡ್ಡೆಯನ್ನೂ ನೆಟ್ಟೆವು. ಆಮೇಲಿನ ಹನ್ನೆರಡು ವರ್ಷಗಳಲ್ಲಿ ಈ ಎರಡರಿಂದಲೂ ಉಂಡ ಸುಖ ಮತ್ತು ಪಟ್ಟ ಪಾಡಿನ ಲೆಕ್ಕ ಇದು.

ಬೆಳವಣಿಗೆಯ ವೇಗದಲ್ಲಿ ಪೈಪೋಟಿಯೇ ಇಲ್ಲ. ಬಿದಿರು ಮರವಲ್ಲ, ಹುಲ್ಲು; ಮಂಡ್ಯದ ಗದ್ದೆಯ ಭತ್ತಕ್ಕೂ ಕಬ್ಬಿಗೂ ಅದು ದಾಯಾದಿ. ಮಳೆಗಾಲದಲ್ಲಿ ನೆಲ ಸೀಳಿಕೊಂಡು ಬರುವ ಕಳಲೆಯ ದಪ್ಪ ಎಷ್ಟಿರುತ್ತದೆಯೋ ಗಳದ ದಪ್ಪವೂ ಕೊನೆಯವರೆಗೆ ಅಷ್ಟೇ. ಅದು ಮೇಲಕ್ಕೆ ಏರುತ್ತದೆಯೇ ಹೊರತು ಮರದಂತೆ ವರ್ಷವರ್ಷವೂ ದಪ್ಪಗಾಗುವುದಿಲ್ಲ. ಮೂರನೆಯ ವರ್ಷದ ಮಳೆಗಾಲದಲ್ಲಿ ಒಂದು ಕಳಲೆಯ ತುದಿಗೆ ಸಮನಾಗಿ ಕಾಂಪೌಂಡ್ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದಿದ್ದೆ. ಮರುದಿನ ಬೆಳಿಗ್ಗೆ ಅದೇ ಹೊತ್ತಿಗೆ ನೋಡಿದರೆ ತುದಿ ಗೆರೆಯಿಂದ ಒಂದು ಗೇಣು ಮೇಲಿತ್ತು. ಆ ವರ್ಷದ ದೀಪಾವಳಿಯ ವೇಳೆಗೆ ಗಳಗಳು ಅಡುಗೆಮನೆಯ ಸಜ್ಜವನ್ನು ದಾಟಿ ತಾರಸಿಯ ಮಟ್ಟಕ್ಕೆ ಬಂದಿದ್ದವು. ಅದೇ ಹೊತ್ತಿಗೆ ಹೊಂಗೆ ನನ್ನ ತಲೆಗಿಂತ ಎರಡಡಿ ಎತ್ತರವಿದ್ದು, ಒಬ್ಬರು ಕುಳಿತುಕೊಳ್ಳುವಷ್ಟು ನೆರಳನ್ನೂ ಕೊಡುತ್ತಿರಲಿಲ್ಲ. ಅತ್ತೆಯವರು ಮಾತ್ರ, ‘ಅದು ಈಗ ಕೆಳಗೆ ಬೇರು ಬಿಡ್ತಿದೆ, ಸ್ವಲ್ಪ ತಾಳಿ’ ಎಂದು ಹೇಳಿ ಸುಮ್ಮನಾಗುತ್ತಿದ್ದರು. ಅವರು ಹೇಳಿದ ತಾಳ್ಮೆ ಆರನೆಯ ವರ್ಷದವರೆಗೂ ಬೇಕಾಯಿತು.

ಆದರೆ ಎತ್ತರ ಬೇರೆ, ನೆರಳು ಬೇರೆ ಎಂಬುದನ್ನು ನಾನು ಕಲಿತದ್ದು ಏಪ್ರಿಲ್‌ನ ಒಂದು ಮಧ್ಯಾಹ್ನ. ಏಪ್ರಿಲ್‌ನ ನಾಲ್ಕನೆಯ ವಾರದ ಸುಮಾರಿಗೆ ಮೈಸೂರಿನಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಹನ್ನೆರಡೂ ಕಾಲು ದಾಟಿದ ಹೊತ್ತಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಅಂದು ಮೂವತ್ತು ಅಡಿ ಎತ್ತರದ ಬಿದಿರು ಮೆಳೆಯ ನೆರಳು ಮೆಳೆಯ ಬುಡಕ್ಕೇ ಮುದುಡಿಕೊಂಡಿತ್ತು. ಅದರಿಂದ ನಾಲ್ಕು ಅಡಿ ಆಚೆ ಇಟ್ಟಿದ್ದ ಕಲ್ಲುಬೆಂಚಿನ ಮೇಲೆ ಕೈಯಿಡುವಂತಿರಲಿಲ್ಲ. ಹದಿನೈದು ಅಡಿಯ ಹೊಂಗೆಯಾದರೋ ತನ್ನ ಕೊಂಬೆ ಹರಡಿದಷ್ಟು ಅಗಲಕ್ಕೂ ಗಟ್ಟಿ ನೆರಳು ಹಾಸಿತ್ತು. ಬಿದಿರಿನ ಸಣ್ಣ ಎಲೆಗಳ ನಡುವೆ ಬಿಸಿಲು ಸೋರುತ್ತದೆ. ಗಾಳಿ ಬೀಸಿದಂತೆಲ್ಲ ನೆರಳು ಪಟ್ಟೆಪಟ್ಟೆಯಾಗಿ ಓಡಾಡುತ್ತದೆ. ಹೊಂಗೆಯ ಎಲೆ ಅಗಲ, ದಟ್ಟ. ರಸ್ತೆಯ ಕಡೆಗೆ ಚಾಚಿದ ಅದರ ಕೊಂಬೆಯ ಕೆಳಗೆ ಏಳನೆಯ ವರ್ಷದಿಂದ ಇಸ್ತ್ರಿ ಗಾಡಿಯವರೊಬ್ಬರು ನಿಲ್ಲುತ್ತಿದ್ದಾರೆ. ಕೆಂಡದ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ದಿನವಿಡೀ ನಿಲ್ಲುವವರು ಆರಿಸಿಕೊಂಡ ಜಾಗಕ್ಕಿಂತ ಬೇರೆ ಪರೀಕ್ಷೆ ನನಗೆ ಬೇಕಾಗಲಿಲ್ಲ. ಬಿದಿರಿನ ಬಳಿ ಗಾಡಿ ನಿಲ್ಲಿಸಲು ಅವರಿಗೆ ಯಾರ ಅಡ್ಡಿಯೂ ಇರಲಿಲ್ಲ.

ಇಷ್ಟನ್ನೇ ಹೇಳಿ ಹೊಂಗೆಯ ಕೊರಳಿಗೆ ಹಾರ ಹಾಕಿದರೆ ಬಿದಿರಿಗೆ ಅನ್ಯಾಯವಾದೀತು. ಸಂಜೆ ನಾಲ್ಕೂವರೆಯ ನಂತರ ಲೆಕ್ಕ ಪೂರ್ತಿ ತಿರುಗುತ್ತದೆ. ಆಗ ಬಿಸಿಲು ಓರೆಯಾಗಿ ಹೊಂಗೆಯ ಕೊಂಬೆಗಳ ಅಡಿಯಿಂದಲೇ ನುಗ್ಗಿ ಗೋಡೆಗೆ ಬಡಿಯುತ್ತದೆ. ಮೇಲಿನ ಎಲೆಕೊಡೆಯಿಂದ ಆಗ ಉಪಯೋಗವಿಲ್ಲ. ಬುಡದಿಂದ ತುದಿಯವರೆಗೆ ಸೊಪ್ಪು ತುಂಬಿಕೊಂಡ ಬಿದಿರು ಮಾತ್ರ ಆ ಓರೆ ಬಿಸಿಲಿಗೆ ತಟ್ಟಿಯಂತೆ ಅಡ್ಡ ನಿಲ್ಲುತ್ತದೆ. ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಯುಗಾದಿಯ ಆಸುಪಾಸಿನಿಂದ ಸೂರ್ಯ ನೇರ ಪಡುವಣದಲ್ಲಿ ಮುಳುಗದೆ ದಿನದಿನಕ್ಕೂ ಬಡಗಣಕ್ಕೆ ಸರಿಯುತ್ತ ಹೋಗುವುದರಿಂದ ಬೇಸಗೆಯ ಸಂಜೆ ಬಿಸಿಲು ಬರುವುದು ವಾಯವ್ಯದ ಕಡೆಯಿಂದ, ಅಂದರೆ ನನ್ನ ಬಿದಿರು ನಿಂತಿರುವ ಕಡೆಯಿಂದ. ನೈರುತ್ಯದಲ್ಲಿರುವ ಹೊಂಗೆಯ ಮೇಲೆ ಸಂಜೆ ಸೂರ್ಯ ಇಳಿಯುವುದು ಡಿಸೆಂಬರ್‌ನಲ್ಲಿ. ಆಗ ನಮಗೆ ಬಿಸಿಲೇ ಬೇಕಿರುತ್ತದೆ. ಆದ್ದರಿಂದ ನನ್ನ ಈ ಹೋಲಿಕೆ ಸಮತಟ್ಟಾದ ಅಖಾಡದಲ್ಲಿ ನಡೆದ ಕುಸ್ತಿಯಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಸ್ಥಳ ಅದಲುಬದಲು ಮಾಡಿದ್ದರೆ ಹೊಂಗೆ ಸಂಜೆಯ ವೇಳೆ ಇನ್ನಷ್ಟು ಕೆಲಸಕ್ಕೆ ಬರುತ್ತಿತ್ತು. ಆದರೂ ಗೋಡೆಯ ಕೆಳಭಾಗವನ್ನು ಬಿದಿರಿನಷ್ಟು ಕಾಯುತ್ತಿರಲಿಲ್ಲ. ಅಡುಗೆಮನೆ ಇಂದು ಸಂಜೆಯ ಹೊತ್ತು ತಂಪಾಗಿದ್ದರೆ ಅದರ ಪುಣ್ಯ ಬಿದಿರಿಗೇ ಸಲ್ಲಬೇಕು.

ಹೊಂಗೆಗೂ ತನ್ನದೇ ಆದ ಒಂದು ಕೈಕೊಡುವ ಕಾಲವಿದೆ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಓಡಿತೋ ಇಲ್ಲವೋ ಅಷ್ಟರಲ್ಲಿ ಅದು ಎಲೆ ಉದುರಿಸತೊಡಗುತ್ತದೆ. ಬಿಸಿಲು ಚುರುಕಾಗುವ ಆ ಕೆಲವು ವಾರ ಮರ ಬೋಳಾಗಿ ನಿಲ್ಲುತ್ತದೆ; ಯುಗಾದಿಯ ಹೊತ್ತಿಗೆ ಎಣ್ಣೆ ಸವರಿದಂತೆ ಹೊಳೆಯುವ ಎಳೆ ಹಸಿರು ಚಿಗುರು ಬಂದು ಮರ ಮತ್ತೆ ತುಂಬಿಕೊಳ್ಳುತ್ತದೆ. ಆಮೇಲೆ ತಿಳಿ ನೇರಳೆ ಛಾಯೆಯ ಬಿಳಿ ಹೂವು ಉದುರಿ ಅಂಗಳಕ್ಕೆ ಅಕ್ಕಿ ಚೆಲ್ಲಿದಂತಾಗುತ್ತದೆ. ದಿನಕ್ಕೆ ಎರಡು ಸಲ ಕಸ ಗುಡಿಸಬೇಕು. ಎಲೆಗಳ ಮೇಲೆ ಸಣ್ಣ ಸಣ್ಣ ಗಂಟುಗಳೇಳುವುದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಕಾಟದಿಂದ. ಮೊದಮೊದಲು ಗಾಬರಿಯಾಗಿ ಔಷಧಿ ಹೊಡೆಸಿದೆ. ಈಗ ಹಾಗೆಯೇ ಬಿಟ್ಟಿದ್ದೇನೆ, ಮರಕ್ಕೆ ಅದರಿಂದ ಏನೂ ಆದಂತಿಲ್ಲ. ಕಾರು ನಿಲ್ಲಿಸುವ ಜಾಗದ ಎರಡು ಹಾಸುಗಲ್ಲುಗಳನ್ನು ಅದರ ಬೇರು ಎಬ್ಬಿಸಿದ್ದು ನಿಜ, ಆದರೆ ಅದು ಹತ್ತನೆಯ ವರ್ಷದಲ್ಲಿ.

ಬಿದಿರು ಅಷ್ಟು ಕಾಯಲಿಲ್ಲ. ನನ್ನ ತಪ್ಪನ್ನು ಇಲ್ಲಿ ಬಿಚ್ಚಿ ಹೇಳಬೇಕು. ಹಳದಿ ಬಿದಿರು ನೆಲದಡಿ ದೂರ ದೂರಕ್ಕೆ ಹರಿಯುವ ಜಾತಿಯಲ್ಲ, ಮೆಳೆ ಕಟ್ಟುವ ಜಾತಿ ಎಂದು ತಿಳಿದುಕೊಂಡೇ ನೆಟ್ಟಿದ್ದೆ. ಮೆಳೆಯೂ ವರ್ಷವರ್ಷವೂ ಹೊರಗಂಚಿಗೆ ಅಗಲವಾಗುತ್ತದೆಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಗಡ್ಡೆಯನ್ನು ಕಾಂಪೌಂಡ್ ಗೋಡೆಯಿಂದ ಎರಡೇ ಅಡಿ ದೂರದಲ್ಲಿ ಇಟ್ಟಿದ್ದೆ. ಏಳನೆಯ ಮಳೆಗಾಲದಲ್ಲಿ ಗೋಡೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಒಂಬತ್ತನೆಯ ವರ್ಷಕ್ಕೆ ಆರು ಅಡಿ ಉದ್ದದ ಗೋಡೆ ರಸ್ತೆಯ ಕಡೆಗೆ ವಾಲಿತು. ಗೋಡೆ ಒಡೆದು, ಆ ಕಡೆಯ ಗಡ್ಡೆಯನ್ನು ಹಾರೆಯಿಂದ ಕಿತ್ತು, ಮತ್ತೆ ಕಟ್ಟಿಸಲು ಮೂರು ವಾರ ಹಿಡಿಯಿತು. ಹಾರೆ ಹಿಡಿದವರು ಆ ಗಡ್ಡೆಯ ಗಟ್ಟಿತನಕ್ಕೆ ನನ್ನನ್ನೇ ಬೈದುಕೊಂಡಿರಬೇಕು.

ಮೆಳೆಯನ್ನು ತೆಳುಮಾಡುವುದು ಪ್ರತಿವರ್ಷದ ಕೆಲಸ. ಮೂರು ವರ್ಷ ದಾಟಿದ ಗಳಗಳನ್ನು ಚಳಿಗಾಲ ಮುಗಿಯುವ ಮುನ್ನ ತೆಗೆಯದಿದ್ದರೆ ನಡುವೆ ಒಣಗಳ ತುಂಬಿ, ಕೈ ತೂರಿಸಲೂ ಜಾಗವಿಲ್ಲದಂತಾಗಿ, ಇಲಿಗಳು ಗೂಡು ಕಟ್ಟುತ್ತವೆ. ಬಿದಿರಿದ್ದರೆ ಹಾವು ಬರುತ್ತದೆಂಬ ಮಾತಿನ ಮೂಲ ಈ ಇಲಿಗಳೇ ಇರಬೇಕು; ಬುಡವನ್ನು ಚೊಕ್ಕಟವಾಗಿಟ್ಟ ಮೇಲೆ ನಮ್ಮಲ್ಲಿ ಹಾವು ಕಾಣಿಸಿಕೊಂಡಿಲ್ಲ. ಎಳೆ ಗಳವನ್ನು ಸುತ್ತಿಕೊಂಡಿರುವ ಪೊರೆಯ ಮೇಲೆ ಕಂದು ಬಣ್ಣದ ಸಣ್ಣ ಸುಂಕು ಇರುತ್ತದೆ. ಬರಿಗೈಯಲ್ಲಿ ಮುಟ್ಟಿ, ಅದೇ ಕೈಯಿಂದ ಕತ್ತು ಒರೆಸಿಕೊಂಡ ನಾನು ರಾತ್ರಿಯಿಡೀ ತುರಿಸಿಕೊಂಡಿದ್ದೇನೆ. ಕತ್ತರಿಸುವಾಗ ಗೆಣ್ಣಿನ ಮೇಲ್ಗಡೆಗೆ ಅಂಟಿಕೊಂಡಂತೆ ಕತ್ತರಿಸಬೇಕು. ಒಂದು ಚೋಟು ಬಿಟ್ಟರೂ ಆ ಟೊಳ್ಳು ಲೋಟದಂತಾಗಿ, ಮಳೆನೀರು ನಿಂತು, ಸೊಳ್ಳೆ ಮರಿಗಳು ಕುಣಿಯತೊಡಗುತ್ತವೆ. ಮೊದಲ ವರ್ಷ ನಮ್ಮ ಮನೆಯಲ್ಲಿ ಹೀಗೆಯೇ ಹತ್ತಾರು ಲೋಟ ತಯಾರಾಗಿದ್ದವು.

ಕತ್ತರಿಸಿದ ಗಳಕ್ಕೆ ಬೆಲೆ ಬಂದೀತೆಂಬ ಆಸೆಯೂ ಇತ್ತು. ಬಂಬೂ ಬಜಾರಿನಲ್ಲಿ ವಿಚಾರಿಸಿದಾಗ, ಈ ಜಾತಿಗೆ ಬೇಗ ಹುಳು ಹಿಡಿಯುತ್ತದೆ, ಮೊರ ಬುಟ್ಟಿಗೆ ಒದಗುವುದಿಲ್ಲ ಎಂದು ನಯವಾಗಿಯೇ ಹೇಳಿ ಕಳಿಸಿದರು. ಗೌರಿ ಹಬ್ಬದ ಬಾಗಿನದ ಮೊರವನ್ನು ಈಗಲೂ ದುಡ್ಡು ಕೊಟ್ಟೇ ತರುತ್ತೇವೆ. ಹೀರೆ, ಚಪ್ಪರದವರೆ ಹಬ್ಬಿಸಲು, ನುಗ್ಗೆ ಕೀಳುವ ದೋಟಿಗೆ ಇದು ಧಾರಾಳವಾಗಿ ಸಾಕು.

ಉದುರಿದ ಎಲೆಯಲ್ಲಿಯೂ ವ್ಯತ್ಯಾಸವಿದೆ. ಮಂಡ್ಯದ ಕಡೆ ಭತ್ತದ ಗದ್ದೆಗೆ ಹೊಂಗೆ ಸೊಪ್ಪು ತುಳಿಸುವುದು ಹಿಂದಿನಿಂದ ಬಂದ ರೂಢಿ. ದ್ವಿದಳ ಜಾತಿಯ ಈ ಮರದ ಸೊಪ್ಪಿನಲ್ಲಿ ಸಾರಜನಕ ಚೆನ್ನಾಗಿದ್ದು, ಗುಂಡಿಗೆ ಹಾಕಿದರೆ ಒಂದು ಮಳೆಗಾಲದಲ್ಲಿ ಕಪ್ಪು ಗೊಬ್ಬರವಾಗುತ್ತದೆ. ಬಿದಿರೆಲೆಯಲ್ಲಿ ಸಿಲಿಕಾ ಹೆಚ್ಚು, ಅದು ಬೇಗ ಕೊಳೆಯದು. ಹೊಂಗೆಯ ಬುಡದಲ್ಲಿ ನಾವು ಅರಿಶಿನ ಬೆಳೆದುಕೊಳ್ಳುತ್ತೇವೆ. ಬಿದಿರಿನ ಬುಡದಲ್ಲಿ ಇಟ್ಟ ಕನಕಾಂಬರ ಎರಡು ಸಲವೂ ಸೊರಗಿತು. ನೀರಿನ ವಿಷಯವೂ ಹೀಗೆಯೇ: ಮೂರನೆಯ ಬೇಸಗೆಯ ನಂತರ ಹೊಂಗೆಗೆ ನಾನು ಒಂದು ತಂಬಿಗೆ ನೀರನ್ನೂ ಎರೆದಿಲ್ಲ, ಬಿದಿರಿಗೆ ಇಂದಿಗೂ ಪಾತ್ರೆ ತೊಳೆದ ನೀರು ಹೋಗುತ್ತಿದೆ.

ಕಾನೂನಿನ ದೃಷ್ಟಿಯಿಂದ ಬಿದಿರು ಹಗುರ. 2017ರ ತಿದ್ದುಪಡಿಯ ನಂತರ ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನ ಹೊರಗೆ ಬೆಳೆದ ಬಿದಿರು ‘ಮರ’ವಲ್ಲ. ಹೊಂಗೆಯನ್ನು ಬುಡಸಮೇತ ತೆಗೆಯಬೇಕೆಂದರೆ ನಮ್ಮ ರಾಜ್ಯದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಕೇಳಬೇಕಾಗುತ್ತದೆ. ಆದಕಾರಣ ಹೊಂಗೆಯ ಸ್ಥಳವನ್ನು ನೆಡುವಾಗಲೇ ನೂರು ಸಲ ಯೋಚಿಸುವುದು ಲೇಸು.

ಒಂದಕ್ಕೇ ಜಾಗವಿದ್ದು, ಅಂಗಳದಲ್ಲಿ ಕುಳಿತುಕೊಳ್ಳುವ ಮನಸ್ಸಿರುವವರಿಗೆ ನಾನು ಹೊಂಗೆಯನ್ನೇ ಹೇಳುತ್ತೇನೆ; ಪಡುವಣದ ಗೋಡೆಯನ್ನು ಕಾಯುವುದೊಂದೇ ಉದ್ದೇಶವಾಗಿದ್ದು, ವರ್ಷಕ್ಕೆರಡು ದಿನ ಕತ್ತಿ ಹಿಡಿಯುವ ಆಳು ಸಿಗುವವರಿಗೆ ಬಿದಿರು. ಮಂಡ್ಯದ ಬಳಿ ನಾಲೆ ಬಯಲಿನಲ್ಲಿ ಮನೆ ಕಟ್ಟಿಸಿದ ನನ್ನ ತಂಗಿ ಕಳೆದ ವರ್ಷ ಇದನ್ನೇ ಕೇಳಿದಳು. ಅಲ್ಲಿ ನೀರಿಗೂ ಜಾಗಕ್ಕೂ ಬರವಿಲ್ಲ. ಹೊಂಗೆಯನ್ನು ಕಟ್ಟೆಯ ಪಕ್ಕದಲ್ಲೂ ಬಿದಿರನ್ನು ವಾಯವ್ಯದಲ್ಲೂ ನೆಡಿಸಿದ್ದೇವೆ. ಗೋಡೆಯಿಂದ ಬಿದಿರಿನ ಗುಂಡಿಗೆ ಹನ್ನೆರಡು ಅಡಿ ಇರುವಂತೆ ಟೇಪು ಹಿಡಿದು ನಾನೇ ಅಳೆದೆ.