ಮಿನಿ ಲೇತಿಗೆ ಸಿಸಿಎಂಟಿ ಇನ್ಸರ್ಟ್: ಎರಡು ವರ್ಷ ಬಳಸಿದ ಮೇಲೆ

180 ಎಂಎಂ ಸ್ವಿಂಗಿನ (ಗರಿಷ್ಠ ಅಷ್ಟು ವ್ಯಾಸದ ಜಾಬ್, ಅಂದರೆ ಕೊರೆಯುವ ತುಂಡು, ತಿರುಗಿಸಬಲ್ಲ) ಮಿನಿ ಲೇತ್, 10 ಎಂಎಂ ಶಾಂಕಿನ (ಹಿಡಿಕೆಯ) ಎಸ್‌ಸಿಎಲ್‌ಸಿಆರ್ ಹೋಲ್ಡರ್, ಅದಕ್ಕೆ ಸ್ಕ್ರೂನಿಂದ ಬಿಗಿಯುವ ಕಾರ್ಬೈಡ್ ತುದಿ, ಅಂದರೆ ಸಿಸಿಎಂಟಿ 060204 ಇನ್ಸರ್ಟ್. ಕೆಲಸ ಬಹುಪಾಲು ಇಎನ್24 ಎಂಬ ಗಟ್ಟಿ ಮಿಶ್ರಲೋಹದ ಉಕ್ಕಿನದು. ರಫಿಂಗಿಗೆ (ಮೊದಲ ಒರಟು ಕೊರೆತಕ್ಕೆ) ಈ ಜೋಡಿ ಸೊಗಸು: 25 ಎಂಎಂ ರಾಡಿಗೆ 1000 ಆರ್‌ಪಿಎಂ, 0.4 ಎಂಎಂ ಆಳ, ಜಾಬಿನ ಒಂದೊಂದು ಸುತ್ತಿಗೂ 0.08 ಎಂಎಂ ಫೀಡ್ (ಟೂಲ್ ಮುಂದೆ ಸರಿಯುವ ದೂರ) ಕೊಟ್ಟರೆ ನೀಲಿಗಟ್ಟಿದ ಚಿಪ್ಸ್ ತುಂಡುತುಂಡಾಗಿ ಉದುರುತ್ತವೆ. ತಲೆನೋವು ಶುರುವಾಗುವುದು ಕೊನೆಯ ಕಟ್‌ನಲ್ಲಿ.

ಅಚ್ಚಿನಲ್ಲಿ ಒತ್ತಿ, ಕೋಟಿಂಗ್ ಹಾಕಿದ ಇನ್ಸರ್ಟಿನ ಅಂಚು ಕೊಂಚ ಮೊಂಡು. ಭಾರದ ಕಟ್ ತಡೆಯಲಿ ಅಂತಲೇ ಹಾಗೆ ಮಾಡಿರುತ್ತಾರೆ. ಅಳತೆಗೆ ಇನ್ನು 0.02 ಬಾಕಿ ಅಂತ ಡಯಲ್ ಅಷ್ಟೇ ತಿರುಗಿಸಿದರೆ ಅದು ಕೊರೆಯುವುದಿಲ್ಲ, ಉಜ್ಜುತ್ತದೆ. ಜಾಬ್ ಬಗ್ಗಿ ಸರಿಯುತ್ತದೆ, ಮೈ ಹೊಳೆಯುತ್ತದೆ, ಮೈಕ್ರೋಮೀಟರ್ ಹಳೆಯ ಅಳತೆಯನ್ನೇ ತೋರಿಸುತ್ತದೆ. ಇನ್ನೊಂದು ಗೆರೆ ಕೊಟ್ಟಿರೋ, ಒಮ್ಮೆಲೇ ಕಚ್ಚಿ 0.06 ತಿಂದುಬಿಡುತ್ತದೆ. ಬೇರಿಂಗ್ ಕೂರಿಸುವ ಶಾಫ್ಟಿನಲ್ಲಿ ಇದಕ್ಕಿಂತ ಹೊಟ್ಟೆ ಉರಿಸುವುದು ಇನ್ನೊಂದಿಲ್ಲ.

ದಾರಿ ಇದೆ. ವ್ಯಾಸದಲ್ಲಿ 0.8 ಎಂಎಂ ಉಳಿದಾಗ ನಿಲ್ಲಿಸಿ, ಜಾಬ್ ಆರಲು ಬಿಟ್ಟು ಅಳೆಯಿರಿ. ಉಳಿದದ್ದನ್ನು ಎರಡು ಸಮ ಕಟ್ ಮಾಡಿ, ಒಂದೊಂದೂ 0.2 ಆಳ, ವ್ಯಾಸದಲ್ಲಿ 0.4. ಮೊದಲನೆಯದಾದ ಮೇಲೆ ಮತ್ತೆ ಅಳೆದು, ಬಂದ ವ್ಯತ್ಯಾಸವನ್ನು ಎರಡನೆಯದರಲ್ಲಿ ಸರಿದೂಗಿಸಿ. ಸ್ಪೀಡ್, ಫೀಡ್ ಎರಡನ್ನೂ ಮುಟ್ಟಬೇಡಿ. ಒತ್ತಡ ಅಷ್ಟೇ ಇದ್ದರೆ ಬಗ್ಗುವುದೂ ಅಷ್ಟೇ.

ನಿಜಕ್ಕೂ ಖುಷಿ ಕೊಟ್ಟದ್ದು ಅಲ್ಯೂಮಿನಿಯಂಗೆ ಅಂತ ಮಾರುವ ಸಿಸಿಜಿಟಿ 060202. ಅದೇ ಹೋಲ್ಡರಿಗೆ ಕೂರುತ್ತದೆ. ಸಾಣೆ ಹಿಡಿದ ಅಂಚು, ಮೂಗಿನ (ಮೂಲೆಯ ದುಂಡಿನ) ರೇಡಿಯಸ್ 0.2 ಮಾತ್ರ. ಇಎನ್24ರಲ್ಲೂ 0.05 ಆಳವನ್ನು ತೆಳು ದಾರದಂತೆ ಬಿಡಿಸಿಕೊಂಡು ಬರುತ್ತದೆ, ಚಾಟರ್ (ಅದುರಾಟ) ಇಲ್ಲ. ಮೂಲೆ ನಾಜೂಕು. ಕೀವೇ (ಉದ್ದದ ಗಾಡಿ) ಇರುವ ಶಾಫ್ಟಿಗೆ, ಚೌಕ ರಾಡಿಗೆ ಹಾಕಿದರೆ, ಕಟ್ ಬಿಟ್ಟುಬಿಟ್ಟು ಬಡಿದು ಕ್ಷಣದಲ್ಲಿ ಮುರಿಯುತ್ತದೆ.

ಇನ್ಸರ್ಟ್ ತಿರುಗಿಸುವಾಗ ಸೀಟನ್ನು ಬ್ರಷ್‌ನಿಂದ ಒರೆಸಿ, ಬೆರಳ ತುದಿಯಿಂದ ಸವರಿ ನೋಡಿ. ಅಡಿಯಲ್ಲಿ ಒಂದು ಚೂರು ಚಿಪ್ ಉಳಿದರೂ ಸ್ಕ್ರೂ ಬಿಗಿದಾಗ ಇನ್ಸರ್ಟ್ ಬಿರುಕು ಬಿಡುತ್ತದೆ. ಟೂಲ್ ತುದಿ ಮತ್ತು ಜಾಬ್ ನಡುವೆ ತೆಳು ಸ್ಟೀಲ್ ಸ್ಕೇಲ್ ಮೆಲ್ಲಗೆ ಸಿಕ್ಕಿಸಿ: ನೆಟ್ಟಗೆ ನಿಂತರೆ ಸೆಂಟರ್ (ತುದಿ ಜಾಬಿನ ನಡುಮಟ್ಟಕ್ಕೆ) ಸರಿ, ಓರೆಯಾದರೆ ಹೋಲ್ಡರಿನ ಅಡಿಯ ಶಿಮ್ (ತೆಳು ತಗಡು) ಬದಲಿಸಿ. ಕಟ್ ನಡುವೆ ಮಷಿನ್ ಆಫ್ ಮಾಡುವ ಅಭ್ಯಾಸ ಬಿಡಿ. ಮೊದಲು ಟೂಲ್ ಹಿಂದಕ್ಕೆ, ಆಮೇಲೆ ಸ್ವಿಚ್; ಇಲ್ಲದಿದ್ದರೆ ಕಾರ್ಬೈಡ್ ಅಂಚು ಅಲ್ಲೇ ಚಕ್ಕೆ ಏಳುತ್ತದೆ. ಆಯಿಲ್ ಕ್ಯಾನಿನಿಂದ ಆಗಾಗ ಹನಿ ಹಾಕುವುದೂ ಬೇಡ, ಕಾದು ತಣಿದು ಅಂಚು ಸೀಳುತ್ತದೆ. ಒಣಗೇ ಕೊರೆಯಿರಿ. ಹೋಲ್ಡರಿನಲ್ಲಿ ಕೆಲಸಕ್ಕೆ ಬರುವುದು ಇನ್ಸರ್ಟಿನ ಎರಡೇ ಮೂಲೆ. ಹತ್ತರ ಪ್ಯಾಕಿನಲ್ಲಿ ಇಪ್ಪತ್ತು ಅಂಚು ಅಂತ ಲೆಕ್ಕ ಹಾಕಿ.

ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ಟನ್ನು ಬಿಸಾಡಬೇಡಿ. ಬೇಕಾದ ಆಕಾರಕ್ಕೆ ಸಾಣೆ ಹಿಡಿದ ಫಾರ್ಮ್ ಟೂಲ್, ಗ್ರೂವ್ ಕೆಲಸಕ್ಕೆ 5 ಶೇಕಡಾ ಕೋಬಾಲ್ಟಿನ ಎಂ35 ಸಾಕು. ಅದೇ 25 ಎಂಎಂ ರಾಡಿಗೆ ಸುಮಾರು 250 ಆರ್‌ಪಿಎಂ, ಲೋ ಗೇರಿನಲ್ಲೇ. ಹೈ ಗೇರಿನಲ್ಲಿ ಅಷ್ಟು ಇಳಿಸಿದರೆ ಮೋಟಾರಿಗೆ ದಮ್ಮೇ ಇರುವುದಿಲ್ಲ.

ಗುಜರಿಯಿಂದ ತಂದ ಕಬ್ಬಿಣಕ್ಕೆ ಮೊದಲು ಅರ ಹಚ್ಚಿ ನೋಡಿ. ಬೇರಿಂಗ್ ರೇಸಿನ ಹಾಗೆ ಅರ ಗಾಜಿನ ಮೇಲೆ ಜಾರಿದಂತೆ ಜಾರಿದರೆ ಅದು 60 ಎಚ್‌ಆರ್‌ಸಿ (ಗಡಸುತನದ ರಾಕ್‌ವೆಲ್ ಅಳತೆ) ಆಸುಪಾಸಿನದು. ಈ ಇನ್ಸರ್ಟುಗಳ ಮೂಗು ಮೊದಲ ಕಟ್‌ಗೇ ಹೋಗುತ್ತದೆ. ಅದಕ್ಕೆ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ತುದಿಯ ಸಿಸಿಜಿಡಬ್ಲ್ಯೂ ಇನ್ಸರ್ಟ್ ಬೇಕು: 25 ಎಂಎಂಗೆ 1500 ಆರ್‌ಪಿಎಂ, 0.1 ಆಳ, ಚಕ್‌ನಿಂದ ಗಿಡ್ಡವಾಗಿ ಹಿಡಿದ ಜಾಬ್. ವರ್ಷಕ್ಕೆ ಒಂದೆರಡು ಸಲದ ಕೆಲಸವಾದರೆ ಅಷ್ಟು ದುಡ್ಡು ಸುರಿಯುವ ಬದಲು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಡಿ. ಬೆಳಿಗ್ಗೆ ಅರ ಕಚ್ಚುತ್ತದೆ, ಸಿಸಿಎಂಟಿಯೂ ಕಚ್ಚುತ್ತದೆ.