ಎಣ್ಣೆ ಹಚ್ಚುವ ಏರ್ ಫಿಲ್ಟರ್: ಹಾಕುವ ಮುಂಚೆ ಇದನ್ನು ಓದಿ

ಕಂಪನಿಯ ಕಾಗದದ ಏರ್ ಫಿಲ್ಟರನ್ನೂ ಅದರ ಡಬ್ಬಿಯನ್ನೂ ತೆಗೆದು, ಎಣ್ಣೆ ಹಚ್ಚಿದ ಕಾಟನ್ ಕೋನ್ ಫಿಲ್ಟರ್ ಕೂರಿಸಿದ ಒಂದು ಪೆಟ್ರೋಲ್ ಕಾರಿನ ಪಾಡು ಇದು. ಮೊದಲ ಸಲ ತೊಳೆಯುವವರೆಗೆ ಏನೂ ತೊಂದರೆಯಿರಲಿಲ್ಲ. ತೊಳೆದು ಮತ್ತೆ ಎಣ್ಣೆ ಹಚ್ಚಿದ ಮೇಲೆ ಐಡ್ಲಿಂಗ್ ಏರುಪೇರಾಯಿತು, ಆಕ್ಸಿಲರೇಟರ್ ಒತ್ತಿದರೆ ಗಾಡಿ ಮುಗ್ಗರಿಸತೊಡಗಿತು, ಕೊನೆಗೆ ಚೆಕ್ ಎಂಜಿನ್ ಲೈಟೂ ಹೊತ್ತಿಕೊಂಡಿತು. ಸ್ಕ್ಯಾನರ್ ತೋರಿಸಿದ್ದು ಪಿ0171 ಎಂಬ ದೋಷದ ಕೋಡ್: ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹೋಗುತ್ತಿಲ್ಲ. ಗ್ಯಾರೇಜಿನಲ್ಲಿ, ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಾಯಿಸಿದರು. ಲೈಟ್ ಆರಲಿಲ್ಲ. ಪಾಪ, ಆ ಸೆನ್ಸರ್ ನಿಜವನ್ನೇ ಹೇಳುತ್ತಿತ್ತು.

ಸುಳ್ಳು ಹೇಳುತ್ತಿದ್ದದ್ದು ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್. ಅದರೊಳಗಿನ ಬಿಸಿ ತಂತಿಯನ್ನು ಹರಿಯುವ ಗಾಳಿ ಎಷ್ಟು ತಣಿಸುತ್ತದೆ ಎಂಬುದರ ಮೇಲೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಲೆಕ್ಕ ಹಾಕುತ್ತದೆ. ಟಾರ್ಚ್ ಹಿಡಿದು ನೋಡಿದರೆ ಆ ಕೂದಲೆಳೆಯಂಥ ತಂತಿಗೆ ಜಿಡ್ಡು, ಜಿಡ್ಡಿಗೆ ಹತ್ತಿಯ ನಾರು, ಧೂಳು. ಹೊದಿಕೆ ಹೊದ್ದ ತಂತಿ ಸರಿಯಾಗಿ ತಣಿಯದು. ಗಾಳಿ ಕಡಿಮೆ ಬರುತ್ತಿದೆಯೆಂದು ಇಸಿಯು ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ.

ಎಡವಟ್ಟಾದದ್ದು ಎಣ್ಣೆಯ ಅಳತೆಯಲ್ಲಿ: ಫಿಲ್ಟರ್‌ಗೆ ಹೆಚ್ಚಾದ ಎಣ್ಣೆ ಗಾಳಿಯ ಜೊತೆ ಹೋಗಿ ತಂತಿಗೆ ಅಂಟಿತ್ತು. ಪ್ರತಿ ಮಡಿಕೆಯ ಮೇಲೆ ಒಂದೇ ತೆಳು ಗೆರೆ ಸಾಕು. 20 ನಿಮಿಷ ಬಿಟ್ಟು, ಬಿಳಿಯಾಗಿ ಉಳಿದ ಜಾಗಕ್ಕೆ ಮಾತ್ರ ಮತ್ತೊಂದಿಷ್ಟು. ಒಳಮೈ ಮುಟ್ಟಿದಾಗ ಬೆರಳಿಗೆ ಎಣ್ಣೆ ಅಂಟಿದರೆ ಹೆಚ್ಚಾಯಿತೆಂದೇ ಅರ್ಥ. ತೊಳೆಯುವಾಗ ನೀರು ಒಳಗಿನಿಂದ ಹೊರಕ್ಕೆ ಹರಿಯಬೇಕು, ನಲ್ಲಿಯ ಸಣ್ಣ ಧಾರೆ ಸಾಕು. ಕಂಪ್ರೆಸರ್ ಗಾಳಿ ಬಿಟ್ಟು ಒಣಗಿಸಿದರೆ ಬಟ್ಟೆ ಹರಿಯುತ್ತದೆ. ನೆರಳಲ್ಲಿ ತಾನಾಗಿ ಒಣಗಲಿ, ಪೂರ್ತಿ ಒಣಗದೆ ಎಣ್ಣೆ ಹಚ್ಚಬೇಡಿ.

ಸೆನ್ಸರ್ ಕೊಳೆಯಾಗಿದ್ದರೆ ಅದಕ್ಕೆಂದೇ ಬರುವ ಕ್ಲೀನರ್ ಸ್ಪ್ರೇ ಇದೆ. ಬ್ರೇಕ್ ಕ್ಲೀನರ್, ಕಾರ್ಬ್ಯುರೇಟರ್ ಕ್ಲೀನರ್ ಬೇಡ, ಪ್ಲಾಸ್ಟಿಕ್ ಕೆಡಬಹುದು. ತಂತಿಯನ್ನು ಬಟ್ಟೆಯಿಂದಾಗಲಿ, ಬ್ರಷ್‌ನಿಂದಾಗಲಿ ಮುಟ್ಟಲೇಬಾರದು.

ಇನ್ನು ಆ ಕೋನ್ ವಿಚಾರ. ಕಂಪನಿಯ ಡಬ್ಬಿ ಗ್ರಿಲ್ ಕಡೆಯ ತಂಪು ಗಾಳಿ ಎಳೆಯುತ್ತದೆ. ಬಾನೆಟ್ ಒಳಗೆ ಬೋಳಾಗಿ ಕೂತ ಕೋನ್ ಎಳೆಯುವುದು ರೇಡಿಯೇಟರ್ ಹಾದು ಬಂದ ಬಿಸಿ ಗಾಳಿ. ಬಿಸಿ ಗಾಳಿ ತೆಳು, ಆದ್ದರಿಂದ ಗೊರ್ರೆಂಬ ಸದ್ದು ಹೆಚ್ಚಿ ಪವರ್ ಇಳಿಯಬಹುದು. ಸದ್ದನ್ನೇ ಪವರ್ ಅಂದುಕೊಳ್ಳುವವರೇ ಬಹಳ. ಸೆನ್ಸರ್ ಇರುವ ಕೊಳವೆಯ ವ್ಯಾಸ ಬದಲಾದರಂತೂ ಸೆನ್ಸರ್ ಹೊಸದಿದ್ದರೂ ಲೆಕ್ಕ ತಪ್ಪುತ್ತದೆ, ಇಸಿಯು ಟ್ಯೂನ್ ಮಾಡದೆ ಅದು ಸರಿಹೋಗದು. ಕೆಲವು ಕಿಟ್‌ಗಳು ಫಿಲ್ಟರನ್ನು ಬಂಪರ್ ಹಿಂದೆ ತಗ್ಗಿನಲ್ಲಿಡುತ್ತವೆ. ನಿಂತ ನೀರಿಗೆ ಗಾಡಿ ಇಳಿಸಿದರೆ ಅದು ನೀರನ್ನೇ ಕುಡಿಯುತ್ತದೆ. ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸಲಾರದು, ಬಾಗುವುದು ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್.

ಈಗಾಗಲೇ ಹಾಕಿಸಿದ್ದರೆ ಎಂಜಿನ್ ಆರಿಸಿ, ಫಿಲ್ಟರ್ ಬಿಚ್ಚಿ, ಅಲ್ಲಿಂದ ಎಂಜಿನ್ ಕಡೆಗೆ ಹೋಗುವ ಕೊಳವೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಸೆನ್ಸರ್ ತಾಗದಂತೆ ಹುಷಾರು. ಬಟ್ಟೆಗೆ ಧೂಳು ಬಂದರೆ ಫಿಲ್ಟರ್ ಸೋರುತ್ತಿದೆ, ಇಲ್ಲವೇ ಕ್ಲಾಂಪ್ ಸಡಿಲವಾಗಿದೆ. ಆ ಧೂಳು ಪಿಸ್ಟನ್ ರಿಂಗ್ ಸವೆಸುತ್ತಿರುತ್ತದೆ. ಬಟ್ಟೆ ಶುಚಿಯಾಗಿದ್ದರೆ ಸ್ಕ್ಯಾನರ್‌ನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ನೋಡಿ, ಅಂದರೆ ಇಸಿಯು ತನ್ನ ಪೆಟ್ರೋಲ್ ಲೆಕ್ಕಕ್ಕೆ ದೀರ್ಘಕಾಲ ಮಾಡಿಕೊಳ್ಳುತ್ತಿರುವ ತಿದ್ದುಪಡಿ. ಎಂಜಿನ್ ಬಿಸಿಯಾದ ಮೇಲೂ ಅದು +10%ರ ಮೇಲೇ ನಿಂತಿದ್ದರೆ, ಬೇರೆ ಯಾವ ಬಿಡಿಭಾಗಕ್ಕೂ ದುಡ್ಡು ಸುರಿಯುವ ಮುಂಚೆ ಕಂಪನಿಯ ಡಬ್ಬಿ, ಕಾಗದದ ಫಿಲ್ಟರ್ ವಾಪಸ್ ಹಾಕಿ, ಸೆನ್ಸರ್ ತೊಳೆದು ಓಡಿಸಿ ನೋಡಿ.