ಗೇರ್‌ಬಾಕ್ಸ್ ತೊಂದರೆ ಇರುವ ಹಳೇ ಸೆಡಾನ್: ಯಾರಿಗೆ ಮಾರಿದರೆ ಲಾಭ?

ನನ್ನದು 2012ರ ಪೆಟ್ರೋಲ್ ಸೆಡಾನ್. ಮೈಸೂರು ರಿಜಿಸ್ಟ್ರೇಷನ್, ಮೊದಲಿಂದ ನಾನೊಬ್ಬನೇ ಓನರ್, ಓಡಿದ್ದು ಒಂದು ಲಕ್ಷ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಎಂಜಿನ್ ಗಟ್ಟಿ, ಎಸಿ ತಣ್ಣಗೆ, ಬಾಡಿಯಲ್ಲಿ ತುಕ್ಕಿಲ್ಲ. ಇದ್ದ ತೊಂದರೆ ಒಂದೇ. ಮೂರರಿಂದ ಎರಡನೇ ಗೇರಿಗೆ ಇಳಿಸುವಾಗ ‘ಕರ್ರ್’ ಅಂತ ಸದ್ದು. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಇನ್ನೂ ಜೋರು.

ಇದಕ್ಕೆ ಕಾರಣ ಸಿಂಕ್ರೊ ರಿಂಗ್. ಬಳೆಯಂಥ ಒಂದು ಹಿತ್ತಾಳೆ ಚೂರು. ಗೇರ್ ಕೂರುವ ಮೊದಲು ತಿರುಗುವ ಎರಡು ಭಾಗಗಳ ವೇಗವನ್ನು ಅದು ಸರಿಸಮ ಮಾಡುತ್ತೆ. ಅದು ಸವೆದರೆ ಹಲ್ಲಿಗೆ ಹಲ್ಲು ತಾಗಿ ಸದ್ದು ಬರುತ್ತೆ. ಊರೊಳಗೆ ಓಡುವ ಗಾಡಿಗಳಲ್ಲಿ ಎರಡನೇ ಗೇರಿನದು ಬೇಗ ಸವೆಯುವುದು ಸಾಮಾನ್ಯ. ಸಿಗ್ನಲ್, ಹಂಪ್, ತಿರುವು, ಎಲ್ಲ ಕಡೆ ಅದೇ ಗೇರ್ ಅಲ್ವಾ? ರಿಂಗ್ ಅಗ್ಗ. ಆದರೆ ಅದನ್ನು ಮುಟ್ಟಬೇಕೆಂದರೆ ಇಡೀ ಗೇರ್‌ಬಾಕ್ಸ್ ಕೆಳಗಿಳಿಸಿ ಬಿಚ್ಚಬೇಕು. ಖರ್ಚೆಲ್ಲ ಕೂಲಿಯಲ್ಲಿ ಹೋಗುತ್ತೆ. ಹೇಗೂ ಬಿಚ್ಚಿದ್ದೀವಲ್ಲ ಅಂತ ಕ್ಲಚ್ ಸೆಟ್ಟು, ಬೇರಿಂಗು, ಆಯಿಲ್ ಸೀಲು ಕೂಡ ಸೇರಿಕೊಳ್ಳುತ್ತವೆ.

ಮಾರುವ ಮೊದಲು ಎರಡು ಕಡೆ ಬರವಣಿಗೆಯಲ್ಲಿ ಎಸ್ಟಿಮೇಟ್ ತೆಗೆದುಕೊಂಡೆ. ಬನ್ನಿಮಂಟಪದ ಕಡೆಯ ಗ್ಯಾರೇಜಿನವರು 34,000 ರೂಪಾಯಿ ಬರೆದುಕೊಟ್ಟರು. ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ 71,000. ಹಳೇ ಕಾರು ಮಾರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಎಸ್ಟಿಮೇಟ್ ಕೈಯಲ್ಲಿ ಇಲ್ಲದೆ ಯಾರ ಜೊತೆಗೂ ರೇಟಿಗೆ ಕೂರಬೇಡಿ. ಕೊಳ್ಳುವವರಿಗೆ ದೋಷಕ್ಕಿಂತ ಅದರ ಬಗೆಗಿನ ಅನುಮಾನ ದೊಡ್ಡದು. ‘ಗೇರ್‌ಬಾಕ್ಸ್‌ನಲ್ಲಿ ಏನೋ ಸದ್ದು’ ಅಂದರೆ ಒಂದು ಲಕ್ಷ ಕಡಿಮೆ ಕೇಳುತ್ತಾರೆ. ‘ಎರಡನೇ ಗೇರಿನ ಸಿಂಕ್ರೊ ಹೋಗಿದೆ, ರಿಪೇರಿಗೆ 34,000, ಇಗೋ ಚೀಟಿ’ ಅಂದರೆ ಮಾತು 34,000ದ ಸುತ್ತಲೇ ನಡೆಯುತ್ತೆ.

ನನ್ನದೇ ಮಾಡೆಲ್, ನನ್ನದೇ ವರ್ಷದ ಸರಿಯಿರುವ ಗಾಡಿಗಳು ಆಗ ನಮ್ಮ ಕಡೆ 2.80 ಲಕ್ಷದ ಆಸುಪಾಸಿಗೆ ಹೋಗುತ್ತಿದ್ದವು. ಮುಂದಿನ ರೇಟುಗಳನ್ನೆಲ್ಲ ಅದಕ್ಕೆ ಹೋಲಿಸಿ ನೋಡಿ.

ರಿಪೇರಿ ಮಾಡಿಸಿ ಮಾರುವುದು

ಇದು ದೋಷದ ಮೇಲೆ ನಿಂತಿದೆ. ಇದಕ್ಕೂ ಮುಂಚೆ ಅಪ್ಪನ ಹಳೇ ಕಾರು ಮಾರುವಾಗ ಎಸಿ ಕಂಪ್ರೆಸರ್ ಹೋಗಿತ್ತು. ಸುಮಾರು 18,000 ಕೊಟ್ಟು ಸರಿ ಮಾಡಿಸಿ ಮಾರಿದೆವು. ಹಾಕಿದ ದುಡ್ಡು ಪೂರ್ತಿ ವಾಪಸ್ ಬಂತು. ನೋಡಲು ಬಂದ ಪ್ರತಿಯೊಬ್ಬರೂ ಮೊದಲು ಒತ್ತಿದ್ದು ಎಸಿ ಬಟನ್ನನ್ನೇ. ಟೈರ್, ಬ್ಯಾಟರಿ, ಪವರ್ ವಿಂಡೋ, ಹೆಡ್‌ಲೈಟ್ ಕೂಡ ಹೀಗೇ. ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ಇವನ್ನು ಸರಿ ಮಾಡಿಸಿಯೇ ಮಾರಿ.

ಗೇರ್‌ಬಾಕ್ಸ್, ಎಂಜಿನ್ ಹೆಡ್ ಗ್ಯಾಸ್ಕೆಟ್ ಅಂಥವುಗಳ ಕತೆ ಬೇರೆ. ನಮ್ಮಲ್ಲಿ ‘ಬಾಕ್ಸ್ ಬಿಚ್ಚಿದ ಗಾಡಿ’ ಅಂದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಬಿಲ್ ತೋರಿಸಿದರೂ ‘ಯಾಕೆ ಬಿಚ್ಚಿದ್ರಿ, ಇನ್ನೇನೇನು ಹೋಗಿತ್ತು’ ಅನ್ನುವ ಪ್ರಶ್ನೆ ನಿಲ್ಲಲ್ಲ. 34,000 ಹಾಕಿ, ಪೂರ್ತಿ 2.80 ಸಿಕ್ಕಿದರೂ ಉಳಿಯುವುದು 2.46. ಪೂರ್ತಿ ಸಿಗುವುದು ಅನುಮಾನ. ಬಿಚ್ಚಿದ ಮೇಲೆ ಒಳಗೆ ಇನ್ನೇನಾದರೂ ಸವೆದದ್ದು ಕಂಡರೆ ಆ ಖರ್ಚೂ ನಮ್ಮದೇ. ಹಾಗಾಗಿ ರಿಪೇರಿ ಬಿಟ್ಟೆ. 2.46 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು ಅಂತ ಗೆರೆ ಹಾಕಿಕೊಂಡೆ.

ಆನ್‌ಲೈನ್ ಕಾರು ಕೊಳ್ಳುವ ಕಂಪನಿ

ಆ್ಯಪ್‌ನಲ್ಲಿ ಮಾಡೆಲ್, ವರ್ಷ, ಕಿಲೋಮೀಟರ್ ಹಾಕಿದ ಕೂಡಲೇ 2.60ರಿಂದ 2.90 ಲಕ್ಷ ಅಂತ ತೋರಿಸಿತು. ಇನ್‌ಸ್ಪೆಕ್ಷನ್‌ಗೆ ಒಬ್ಬ ಹುಡುಗ ಮನೆಗೇ ಬಂದ. ಕೆಲಸ ಅಚ್ಚುಕಟ್ಟು. ಪೇಂಟ್ ದಪ್ಪ ಅಳೆಯುವ ಮೀಟರ್ ಇಟ್ಟು ಒಂದೊಂದು ಡೋರ್ ನೋಡಿದ, ಸ್ಕ್ಯಾನರ್ ಸಿಕ್ಕಿಸಿ ಎರರ್ ಕೋಡ್ ನೋಡಿದ. ಗೇರಿನ ಸದ್ದು ಸ್ಕ್ಯಾನರ್‌ಗೆ ಸಿಗಲ್ಲ, ಅದಕ್ಕೆ ಸೆನ್ಸರ್ ಎಲ್ಲಿದೆ? ನಾನೇ ಹೇಳಿದೆ, ಎಸ್ಟಿಮೇಟ್ ತೋರಿಸಿದೆ. ‘ಸರ್, ಚೀಟಿ ಹಾಕೋಕೆ ಇಲ್ಲಿ ಜಾಗ ಇಲ್ಲ’ ಅಂದ. ಅವನ ಟ್ಯಾಬ್‌ನಲ್ಲಿ ಇದ್ದದ್ದು ‘ಗೇರ್‌ಬಾಕ್ಸ್: ಅಸಹಜ ಸದ್ದು’ ಅನ್ನುವ ಒಂದು ಸಾಲು.

ಬೆಲೆ ಬಿದ್ದಿದ್ದು ಆ ಸಾಲಿನಿಂದ. ಆ ರಿಪೋರ್ಟ್ ನೋಡಿ ಹರಾಜು ಕೂಗುವುದು ಬೇರೆ ಬೇರೆ ಊರಿನ ಡೀಲರ್‌ಗಳು. ಅವರು ಗಾಡಿ ಓಡಿಸಿರಲ್ಲ. ಹೊಸ ಗೇರ್‌ಬಾಕ್ಸೇ ಹಾಕಬೇಕಾಗಬಹುದು ಅಂತ ಲೆಕ್ಕ ಹಾಕುತ್ತಾರೆ. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಾರೆ. ಕೊನೆಗೆ ಬಂದ ಬೆಲೆ 1.85 ಲಕ್ಷ. ಅದರಲ್ಲೂ ಆರ್‌ಸಿ ವರ್ಗಾವಣೆ ಆಗುವವರೆಗೆ ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತೇವೆ ಅಂದರು.

ಅನುಕೂಲವೂ ಇದೆ. ಕಾಗದದ ಓಡಾಟ ಅವರದು, ದುಡ್ಡು ಬೇಗ ಬರುತ್ತೆ, ಮನೆಗೆ ಹತ್ತು ಜನ ಬಂದು ಬಾನೆಟ್ ಎತ್ತಿ ನೋಡುವುದು ತಪ್ಪುತ್ತೆ. ಊರು ಬಿಟ್ಟು ಹೋಗುವ ಅವಸರ ಇದ್ದವರಿಗೆ ಸರಿ. ಆದರೆ ಒಂದೇ ದೋಷ ಇರುವ, ಮಿಕ್ಕಂತೆ ಚೆನ್ನಾಗಿರುವ ಗಾಡಿಗೆ ಈ ದಾರಿ ನಷ್ಟ. ಆ ‘ಮಿಕ್ಕಂತೆ’ಗೆ ಅಲ್ಲಿ ಬೆಲೆ ಸಿಗಲ್ಲ.

ಶೋರೂಮ್ ಎಕ್ಸ್‌ಚೇಂಜ್

ಹಳೇ ಕಾರು ಕೊಟ್ಟು ಹೊಸದು ಕೊಳ್ಳುವುದಾದರೆ 1.60 ಲಕ್ಷ, ಮೇಲೆ 30,000 ಎಕ್ಸ್‌ಚೇಂಜ್ ಬೋನಸ್ ಅಂದರು. ಹಳೇ ಕಾರನ್ನು ಪಾರ್ಕಿಂಗ್‌ನಲ್ಲೇ ಒಂದು ಸುತ್ತು ಹಾಕಿ ನೋಡಿದರು, ಎರಡನೇ ಗೇರಿನ ಸುದ್ದಿಗೇ ಹೋಗಲಿಲ್ಲ. ಹದಿಮೂರು ವರ್ಷದ ಗಾಡಿ ಅಂದಮೇಲೆ ಅವರ ರೇಟು ಮೊದಲೇ ಕಟ್ಟಿದ್ದು. ದೋಷ ತುಂಬಾ ದೊಡ್ಡದಿದ್ದರೆ ಈ ದಾರಿ ಲಾಭ, ಸಣ್ಣದಿದ್ದರೆ ಇಲ್ಲ. ಒಂದು ಎಚ್ಚರ: ಹೊಸ ಕಾರಿಗೆ ಎಷ್ಟು ಡಿಸ್ಕೌಂಟ್ ಅನ್ನುವುದನ್ನು ಮೊದಲು ಬೇರೆಯಾಗಿ ಕೇಳಿ ಬರೆಸಿಕೊಳ್ಳಿ. ಆಮೇಲೆ ಹಳೇ ಕಾರಿನ ಮಾತೆತ್ತಿ. ಎರಡೂ ಬೆರೆತರೆ ಯಾವುದಕ್ಕೆ ಎಷ್ಟು ಕೊಟ್ಟರು ಅಂತ ಗೊತ್ತೇ ಆಗಲ್ಲ.

ಬ್ರೋಕರ್

2.40 ಕೊಡಿಸ್ತೀನಿ, ಎರಡು ಪರ್ಸೆಂಟ್ ಕಮಿಷನ್ ಅಂದರು. ಜೊತೆಗೇ ‘ಬಾಕ್ಸ್‌ಗೆ ದಪ್ಪ ಆಯಿಲ್ ಹಾಕ್ಸೋಣ ಸಾರ್, ಮಧ್ಯಾಹ್ನ ಗಾಡಿ ಬಿಸಿ ಇದ್ದಾಗ ತೋರ್ಸೋಣ’ ಅಂದರು. ಅಲ್ಲಿಂದ ಎದ್ದು ಬಂದೆ. ಇದು ಬರೀ ಮನಸ್ಸಾಕ್ಷಿಯ ಮಾತೂ ಅಲ್ಲ. ಗೊತ್ತಿರುವ ದೋಷವನ್ನು ಬೇಕಂತಲೇ ಮುಚ್ಚಿಟ್ಟರೆ 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ವಂಚನೆ. ಕೊಂಡವರು ವ್ಯವಹಾರವನ್ನೇ ರದ್ದು ಮಾಡಿಸಬಹುದು. ಆ ಕಾರನ್ನು ಕೊಳ್ಳುವವರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುತ್ತಾರೆ. ಇಳಿಜಾರಿನಲ್ಲಿ ಗೇರ್ ಬೀಳದೆ ಬರೀ ಬ್ರೇಕಿನ ಮೇಲೆ ಬರುವುದು ಎಷ್ಟು ಅಪಾಯ ಅನ್ನುವುದು ಓಡಿಸಿದವರಿಗೆ ಗೊತ್ತು.

ಬ್ರೋಕರ್ ಮೂಲಕವೇ ಹೋಗುತ್ತೀರಾದರೆ ಅವರಿಗೆ ಆರ್‌ಟಿಒ ಕೊಟ್ಟ ಡೀಲರ್ ಅಧಿಕಾರ ಪತ್ರ ಇದೆಯಾ ಅಂತ ಕೇಳಿ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ವ್ಯಾಪಾರಕ್ಕೆ ಆ ನಿಯಮ ಬಂದಿದೆ. ಅಂಥ ಡೀಲರ್‌ಗೆ ಫಾರಂ 29ಸಿ ಮೂಲಕ ಗಾಡಿ ಒಪ್ಪಿಸಿದರೆ ಅಲ್ಲಿಂದ ಮುಂದೆ ಗಾಡಿಯ ಹೊಣೆ ಅವರದು.

ಗುಜರಿ

ಕೇಳಿ ನೋಡಿದ್ದಕ್ಕೆ ಮೂವತ್ತು ಸಾವಿರದ ಆಸುಪಾಸು ಅಂದರು. ಓಡುವ ಕಾರಿಗೆ ಇದು ಮಾತೇ ಅಲ್ಲ. ಎಂಜಿನ್ ಸೀಜ್ ಆಗಿದ್ದರೆ, ಪ್ರವಾಹದಲ್ಲಿ ಮುಳುಗಿದ್ದರೆ, ಅಥವಾ 15 ವರ್ಷದ ಆರ್‌ಸಿ ಮುಗಿಯುತ್ತಾ ಬಂದಿದ್ದರೆ ಮಾತ್ರ ಯೋಚಿಸಿ. ಹಾಗೆ ಕೊಡುವುದಾದರೂ ಸರ್ಕಾರದಲ್ಲಿ ನೋಂದಾಯಿಸಿದ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಡಿ. ಅವರು ಕೊಡುವ ಡೆಪಾಸಿಟ್ ಸರ್ಟಿಫಿಕೇಟ್ ಹೊಸ ಗಾಡಿ ಕೊಳ್ಳುವಾಗ ಉಪಯೋಗಕ್ಕೆ ಬರುತ್ತೆ. ಸಿಕ್ಕ ಸಿಕ್ಕ ಗುಜರಿಗೆ ಹಾಕಿದರೆ ಗಾಡಿ ಚೂರಾದರೂ ಆರ್‌ಸಿ ನಿಮ್ಮ ಹೆಸರಲ್ಲೇ ಬದುಕಿರುತ್ತೆ.

ನೇರವಾಗಿ, ದೋಷ ಹೇಳಿಯೇ ಮಾರುವುದು

ಜಾಹೀರಾತಿನ ಮೊದಲ ಸಾಲಲ್ಲೇ ಬರೆದೆ: ‘ಎರಡನೇ ಗೇರಿನ ಸಿಂಕ್ರೊ ಸವೆದಿದೆ. ರಿಪೇರಿ ಎಸ್ಟಿಮೇಟ್ ಫೋಟೋ ಹಾಕಿದ್ದೇನೆ. ಬೇರೆ ತೊಂದರೆ ಇಲ್ಲ. ಯಾವ ಮೆಕ್ಯಾನಿಕ್ ಕರೆದುಕೊಂಡು ಬಂದರೂ ಸರಿ.’ ಬೆಲೆ 2.65.

ಗಾಡಿ ನೋಡದೆ ‘ಲಾಸ್ಟ್ ಪ್ರೈಸ್ ಹೇಳಿ’ ಅನ್ನುವ ಫೋನುಗಳು ಬಂದೇ ಬರುತ್ತವೆ, ತಲೆ ಕೆಡಿಸಿಕೊಳ್ಳಬೇಡಿ. ಸೈನ್ಯದಲ್ಲಿದ್ದೇನೆ, ಅಡ್ವಾನ್ಸ್ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಅನ್ನುವವರು ಮೋಸಗಾರರು. ದುಡ್ಡು ಬರಲು ನಾವು ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕಾಗಿಲ್ಲ. ಇವರನ್ನೆಲ್ಲ ಬಿಟ್ಟರೆ ಬಂದವರು ಕಡಿಮೆ. ಆದರೆ ಬಂದವರು ಕೊಳ್ಳಲೆಂದೇ ಬಂದವರು. ಗೇರಿನ ವಿಷಯ ತಿಳಿದೇ ಬಂದಿದ್ದರಿಂದ ಅದನ್ನು ಆಗಷ್ಟೇ ಕಂಡುಹಿಡಿದವರ ಹಾಗೆ ರೇಟು ಇಳಿಸಲು ಯಾರಿಗೂ ದಾರಿ ಇರಲಿಲ್ಲ.

ಮನೆ ಬಳಕೆಗೆ ಕೇಳಿದವರು 2.30 ದಾಟಲಿಲ್ಲ. ಗೇರ್‌ಬಾಕ್ಸ್ ಅಂದರೆ ಅವರಿಗೆ ಭಯ, ಆ ಭಯ ಸಹಜ. ಒಪ್ಪುವ ಬೆಲೆ ಹೇಳಿದ್ದು ನಂಜನಗೂಡಿನ ಕಡೆ ಸ್ವಂತ ಗ್ಯಾರೇಜ್ ಇಟ್ಟಿರುವ ಒಬ್ಬ ಮೆಕ್ಯಾನಿಕ್. ಫೋನಿನಲ್ಲೇ ಒಂದು ಮಾತು ಹೇಳಿದ್ದರು: ‘ಸಾರ್, ನಾನು ಬರೋವರ್ಗೂ ಸ್ಟಾರ್ಟ್ ಮಾಡ್ಬೇಡಿ.’ ಬೆಳ್ಳಂಬೆಳಿಗ್ಗೆ ಬಂದವರು ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟು ತಣ್ಣಗಿದೆಯಾ ನೋಡಿದರು. ಆಮೇಲೆ ನೇರ ಚಾಮುಂಡಿ ಬೆಟ್ಟಕ್ಕೆ. ತಿರುವಿನಲ್ಲಿ ಮೂರರಿಂದ ಎರಡಕ್ಕೆ ಇಳಿಸಿದರು, ‘ಕರ್ರ್’ ಅಂತು. ಮುಂದಿನ ತಿರುವಿನಲ್ಲಿ ಲಾರಿಯವರ ಹಾಗೆ ಡಬಲ್ ಕ್ಲಚ್ ಹೊಡೆದರು: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಸ್ವಲ್ಪ ರೇಸ್, ಮತ್ತೆ ಕ್ಲಚ್, ಎರಡು. ಸದ್ದೇ ಇಲ್ಲದೆ ಕೂತಿತು. ‘ನೋಡಿ, ಸ್ಪೀಡ್ ಹೊಂದಿಸಿಕೊಟ್ರೆ ಮೆತ್ತಗೆ ಬೀಳುತ್ತೆ. ಹಲ್ಲು ಚೆನ್ನಾಗವೆ, ರಿಂಗ್ ಅಷ್ಟೇ’ ಅಂದರು.

ಇಳಿದ ಮೇಲೆ ಲೆಕ್ಕ ನೇರವಾಗಿಯೇ ಇಟ್ಟರು. ಬಾಕ್ಸ್ ಇಳಿಸುವ ಕೂಲಿ ಅವರದೇ, ಸಾಮಾನು ಸಗಟು ಬೆಲೆಗೆ ಸಿಗುತ್ತೆ, ಕ್ಲಚ್ ಇನ್ನೂ ಸ್ವಲ್ಪ ದಿನ ಬರುತ್ತೆ. ನನಗೆ 34,000ದ ದೋಷ ಅವರಿಗೆ ಹತ್ತು ಸಾವಿರದೊಳಗೆ ಮುಗಿಯುತ್ತಿತ್ತು. 2.55 ಲಕ್ಷಕ್ಕೆ ಮಾತು ಮುಗಿಯಿತು. ನಾನು ಹಾಕಿಕೊಂಡಿದ್ದ ಗೆರೆಗಿಂತ ಮೇಲೆ, ಆನ್‌ಲೈನ್ ಬೆಲೆಗಿಂತ 70,000 ಜಾಸ್ತಿ.

ಗಾಡಿಯ ದೋಷ ಯಾರಿಗೆ ಅತಿ ಕಡಿಮೆ ಖರ್ಚಿನಲ್ಲಿ ಸರಿಹೋಗುತ್ತೋ ಅವರನ್ನು ಹುಡುಕಿ. ಕ್ಲಚ್, ಸಸ್ಪೆನ್ಷನ್, ಗೇರ್ ತೊಂದರೆಗೆ ಗ್ಯಾರೇಜಿನವರು. ಡೆಂಟ್, ಪೇಂಟ್ ತೊಂದರೆಗೆ ಟಿಂಕರಿಂಗ್ ಅಂಗಡಿಯವರು. ಎಸ್ಟಿಮೇಟ್ ಬರೆದುಕೊಟ್ಟ ಗ್ಯಾರೇಜಿನವರನ್ನೇ ‘ನೀವೇ ತಗೋತೀರಾ ಅಣ್ಣ?’ ಅಂತ ಕೇಳುವುದರಲ್ಲೂ ತಪ್ಪೇನಿಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಗಿದ್ದರೆ ಮಾತ್ರ ನಾನು ಈ ದಾರಿ ಹೇಳುತ್ತಿರಲಿಲ್ಲ. ಸಣ್ಣ ಗ್ಯಾರೇಜುಗಳಲ್ಲಿ ಅದನ್ನು ಬಿಚ್ಚುವವರು ಕಡಿಮೆ. ಅಂಥ ಗಾಡಿಗೆ ಎಕ್ಸ್‌ಚೇಂಜೇ ವಾಸಿ.

ಕಾಗದಪತ್ರ

ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆ ಸಮಯವನ್ನೂ ಬರೆಯಿರಿ. ನಾವು ಹೀಗೊಂದು ಸಾಲು ಸೇರಿಸಿದೆವು: ‘ಎರಡನೇ ಗೇರಿನ ಸಿಂಕ್ರೊ ಸವೆದಿರುವುದು ತಿಳಿದು, ಓಡಿಸಿ ನೋಡಿ ಕೊಂಡಿದ್ದೇನೆ.’ ಕೆಳಗೆ ಇಬ್ಬರ ಸಹಿ.

ಆರ್‌ಸಿ ಹೆಸರು ಬದಲಿಸಲು ಬೇಕಾಗುವ ಫಾರಂ 29, ಫಾರಂ 30 ಎರಡಕ್ಕೂ ಅವತ್ತೇ ಸಹಿ ಆಗಲಿ. ಖಾಲಿ ಫಾರಂಗೆ ಸಹಿ ಹಾಕಿ ಕೊಡಬೇಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35 ಹಾಕಿ ಮೊದಲೇ ತೆಗೆಸಿ. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗೇ ಮಾರಿದರೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸುವುದು ಮಾರಿದವರ ಕೆಲಸ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಡಿ ಕೈ ಬದಲಾಗಿದ್ದರೂ ಆರ್‌ಸಿ ಯಾರ ಹೆಸರಲ್ಲಿದೆಯೋ ಅವರೇ ಓನರ್, ಅಪಘಾತದ ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅದಕ್ಕೇ ಆರ್‌ಟಿಒಗೆ ನಾನೂ ಜೊತೆಯಲ್ಲೇ ಹೋದೆ. ಹೆಸರು ಬದಲಾಗಿದೆಯಾ ಅಂತ ಆಮೇಲೆ ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡಿಕೊಂಡೆ.

ಫಾಸ್ಟ್ಯಾಗ್ ಮುಚ್ಚಿಸಿ, ಇಲ್ಲದಿದ್ದರೆ ಅವರ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತಿರುತ್ತೆ. ಇನ್ಶೂರೆನ್ಸ್‌ನ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಗಾಡಿಯ ಜೊತೆ ಹೋಗಲ್ಲ, ಅದು ನಿಮ್ಮದು. ಕಂಪನಿಯಿಂದ ಅದರ ಪತ್ರ ಕೇಳಿ ಪಡೆಯಿರಿ. ಮೂರು ವರ್ಷದೊಳಗೆ ಹೊಸ ಕಾರು ತೆಗೆದುಕೊಂಡರೆ, ಬೋನಸ್ ಪೂರ್ತಿ 50 ಪರ್ಸೆಂಟ್ ತಲುಪಿದ್ದವರಿಗೆ, ಹೊಸ ಕಾರಿನ ಓನ್ ಡ್ಯಾಮೇಜ್ (ನಮ್ಮದೇ ಗಾಡಿಗಾಗುವ ಹಾನಿಯ) ಪ್ರೀಮಿಯಂನಲ್ಲಿ ಅರ್ಧ ಉಳಿಯುತ್ತೆ.